ಶ್ಯಾಮಲಕ್ಕ ಬಿಟ್ಟುಕೊಟ್ಟ ಜಾಗ

ಮದನಪಲ್ಲಿಗೆ ಹೋಗುವುದನ್ನು ಬೇರೆ ರಾಜ್ಯಕ್ಕೆ ಹೋಗುವುದು ಅಂತ ನಮ್ಮ ರಾಯಲ್ಪಾಡಿನಲ್ಲಿ ಯಾರೂ ಹೇಳುವುದಿಲ್ಲ. ಮದುವೆ ಸೀರೆಗೆ ಹೋಗುತ್ತೇವೆ, ಟೊಮ್ಯಾಟೊ ಹಾಕಲು ಹೋಗುತ್ತೇವೆ, ಹಲ್ಲು ಕೀಳಿಸಲು ಹೋಗುತ್ತೇವೆ. ನಮ್ಮ ಚಿಕ್ಕಮ್ಮನನ್ನು ಕೊಟ್ಟಿರುವುದೂ ಅಲ್ಲಿಗೇ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಬೈಯುವಾಗ ಎರಡೂ. ಗಡಿ ಅನ್ನುವುದು ಹೆಂಗಸರಿಗೆ ಬಸ್ಸಿನವನು ಟಿಕೆಟ್ ಕೇಳಲು ಶುರುಮಾಡುವ ಜಾಗ, ಅದಕ್ಕಿಂತ ದೊಡ್ಡದೇನೂ ಅಲ್ಲ ಅಂದುಕೊಂಡಿದ್ದೆ.

ನನ್ನ ಗಂಡ ಅಶ್ವತ್ಥಪ್ಪ ಟೊಮ್ಯಾಟೊ ಮಂಡಿಯಲ್ಲಿ ಹಣ್ಣು ವಿಂಗಡಿಸುವ ಆಳುಗಳ ಮೇಸ್ತ್ರಿ. ಮಂಡಿಯ ಸಾಹುಕಾರ ನರಸಿಂಹಪ್ಪ ಇಲ್ಲಿ ಬಾಗಿಲು ಹಾಕಿ ಮದನಪಲ್ಲಿಯಲ್ಲಿ ದೊಡ್ಡ ಮಂಡಿ ತೆರೆದರು. ಇವರು ಕೆಲವು ತಿಂಗಳು ಬೈಕಿನಲ್ಲೇ ಓಡಾಡಿದರು. ಒಂದು ದಿನ ಮಂಜಿನಲ್ಲಿ ಲಾರಿಗೆ ಸೈಡು ಕೊಡಲು ಹೋಗಿ ಬಿದ್ದು ಕೈ ಮುರಿದುಕೊಂಡು ಬಂದಾಗ ನಾನು ಸಾಕು ಅಂದೆ. ಸಂಸಾರವನ್ನೇ ಅಲ್ಲಿಗೆ ಎತ್ತಿಕೊಂಡು ಹೋಗೋಣ, ಖರ್ಚು ಎಷ್ಟಾಗುತ್ತೋ ಲೆಕ್ಕ ಹಾಕೋಣ ಅಂದೆ.

ಲೆಕ್ಕ ಹಾಕಲು ಕೂತಾಗ ಎಲ್ಲಕ್ಕಿಂತ ಮೊದಲು ಬಂದದ್ದು ಶ್ಯಾಮಲಕ್ಕ. ಇವರ ಅಕ್ಕ. ಗಂಡ ಬಿಟ್ಟುಹೋದ ಮೇಲೆ ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ಅವಳ ಎರಡೂ ಕಿಡ್ನಿ ಕೆಟ್ಟು ವರ್ಷಗಳಾಗಿದ್ದವು. ವಾರಕ್ಕೆ ಎರಡು ಸಲ ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ಮೆಷಿನ್ನಿಗೆ ಹಾಕಿ ರಕ್ತ ತೊಳೆಯುತ್ತಿದ್ದರು. ನಮ್ಮ ರೇಷನ್ ಕಾರ್ಡಿಗೆ ಅದು ಪುಕ್ಕಟೆ. ಅದು ನಿಂತರೆ ಅಕ್ಕ ಉಳಿಯುವುದಿಲ್ಲ, ಇದು ಮನೆಯ ಮಕ್ಕಳಿಗೂ ಗೊತ್ತಿತ್ತು.

ಹಾಗಾಗಿ ನಾವೇನೂ ಕಣ್ಣು ಮುಚ್ಚಿಕೊಂಡು ಹೊರಟವರಲ್ಲ. ಬಾಡಿಗೆ ಕೇಳಿದೆವು, ಹಾಲು, ಅಕ್ಕಿ, ಸ್ಕೂಲ್ ಫೀಸು ಎಲ್ಲ ವಿಚಾರಿಸಿದೆವು. ಇಲ್ಲಿ ಸಿಗುವ ಸರ್ಕಾರದ ಅಕ್ಕಿ, ನನ್ನ ಅಕೌಂಟಿಗೆ ಬೀಳುವ ದುಡ್ಡು ಎರಡೂ ಹೋಗುತ್ತವೆ ಅಂತ ಕಳೆದೆವು. ಪೆಟ್ರೋಲು ಉಳಿಯುತ್ತೆ, ಸಾಹುಕಾರರು ಸಂಬಳ ಜಾಸ್ತಿ ಮಾಡುತ್ತಾರೆ ಅಂತ ಕೂಡಿಸಿದೆವು. ಆಮೇಲೆ ನಾನೂ ಇವರೂ ಮದನಪಲ್ಲಿಯ ಆಸ್ಪತ್ರೆಗೇ ಹೋಗಿ ಕೇಳಿದೆವು.

ಕೌಂಟರಿನಲ್ಲಿ ಕೂತಿದ್ದವನು ಒಳ್ಳೆಯ ಹುಡುಗ, ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಇವರು ತೆಲುಗಿನಲ್ಲಿ ನೀಟಾಗಿ ಕೇಳಿದರು. ಅವನು "ಕಾರ್ಡು ಉಂದಾ?" ಅಂದ. ಕಾರ್ಡ್ ಇದೆಯಾ ಅಂತ. "ಉಂದಿ ಸಾರ್" ಅಂದೆ ನಾನೇ, ಮುಂದೆ ನುಗ್ಗಿ. ಹಾಗಾದರೆ ಎಲ್ಲ ಫ್ರೀ, ಇಲ್ಲಿಗೆ ಬಂದ ಮೇಲೆ ಕರೆದುಕೊಂಡು ಬನ್ನಿ, ಜಾಗ ಇದೆ ಅಂದ. ಯಾವ ಊರು ಅಂತ ಅವನು ಕೇಳಲಿಲ್ಲ. ನಮ್ಮ ಮಾತು ಕೇಳಿದ ಮೇಲೆ ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ, ಹೇಳುವ ಅಗತ್ಯ ನಮಗೂ ಕಾಣಲಿಲ್ಲ. ಮಾಲೂರಿನ ಕಡೆಯವರೋ ಬೆಂಗಳೂರಿನವರೋ ಆಗಿದ್ದರೆ ತೊದಲು ತೆಲುಗಿನಲ್ಲೇ ಸಿಕ್ಕಿಬೀಳುತ್ತಿದ್ದರು, ಬದುಕಿಕೊಳ್ಳುತ್ತಿದ್ದರು.

ಶ್ರೀನಿವಾಸಪುರದಲ್ಲಿ ಮೆಷಿನ್ನುಗಳು ಕಡಿಮೆ, ಕಾಯುವವರು ಜಾಸ್ತಿ. ಅಲ್ಲಿಯ ಟೆಕ್ನಿಷಿಯನ್ ಉಮಾಶಂಕರ್‌ಗೆ ಅಕ್ಕನನ್ನು ಕಂಡರೆ ಪ್ರೀತಿ. "ಜಾಗ ಬಿಡೋ ಮುಂಚೆ ಇನ್ನೊಂದ್ಸಲ ಯೋಚ್ನೆ ಮಾಡಿ, ಶ್ಯಾಮಲಮ್ಮ" ಅಂದ.

"ಯೋಚ್ನೆ ಎಲ್ಲಾ ರತ್ನ ಮಾಡಿದಾಳೆ ಕಣಪ್ಪ" ಅಂದಳು ಅಕ್ಕ, ನನ್ನ ಕಡೆ ಕೈ ತೋರಿಸಿ. "ಪಾಪ, ಆ ಹುಡುಗಿಗೆ ಕೊಡು."

ಆ ಹುಡುಗಿ ಮುನಿಲಕ್ಷ್ಮಿ. ಹಾಲು ಬಿಡಿಸದ ಕೂಸು ಕಂಕುಳಲ್ಲಿ, ಮುಖ ಊದಿ ಕಣ್ಣೇ ಕಾಣುತ್ತಿರಲಿಲ್ಲ. ದಿನಾ ಬಂದು ವಾರ್ಡಿನ ಬಾಗಿಲಲ್ಲಿ ಕೂರುತ್ತಿದ್ದಳು. ಅಕ್ಕನ ಜಾಗ ಅವಳಿಗೆ ಹೋಯಿತು. ಅವಳು ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದಾಗ ನನಗೂ ಹೊಟ್ಟೆ ತಣ್ಣಗಾಯಿತು.

ಮದನಪಲ್ಲಿಯಲ್ಲಿ ಸಾಮಾನು ಇಳಿಸಿ, ಹಾಲು ಉಕ್ಕಿಸಿ, ಸೋಮವಾರ ಅಕ್ಕನನ್ನು ಕರೆದುಕೊಂಡು ಹೋದೆವು. ಕೌಂಟರಿನ ಹುಡುಗ ಕಾರ್ಡನ್ನು ಕೈಗೆ ತೆಗೆದುಕೊಂಡ, ತಿರುಗಿಸಿದ, ನಮ್ಮ ಮುಖ ನೋಡಿದ. ಕನ್ನಡದ ಅಕ್ಷರ. ನೀವು ಕರ್ನಾಟಕದವರಾ, ಇದು ಇಲ್ಲಿ ನಡೆಯೋಲ್ಲ ಅಂದ. ಅಲ್ಲಿ ಕಾರ್ಡ್ ರದ್ದು ಮಾಡಿಸಿ, ಕಾಗದ ತಂದು, ಇಲ್ಲಿ ಅರ್ಜಿ ಹಾಕಿ, ಅವರು ಬಂದು ವಿಚಾರಣೆ ಮಾಡಿ ಬರೆದುಕೊಂಡು ಹೋಗಬೇಕು. ಎಷ್ಟು ತಿಂಗಳು ಅಂತ ಕೇಳಿದರೆ ಹೇಳಲಾರೆ ಅಂದ. ನನ್ನ ಗಂಡ ಗೋಡೆಗೆ ಒರಗಿ ಕೂತುಬಿಟ್ಟರು. ನಾನು ಆ ಹುಡುಗನ ಮೇಲೆ ಹರಿಹಾಯ್ದೆ. ಅವನು ಕಾರ್ಡನ್ನು ಮೆಲ್ಲಗೆ ನಮ್ಮ ಕಡೆ ತಳ್ಳಿದ, ಅದು ನನಗೆ ಇನ್ನೂ ಉರಿ ಹತ್ತಿಸಿತು.

ಪ್ರೈವೇಟಿನಲ್ಲಿ ಮಾಡಿಸಿದೆವು. ಒಂದು ಸಲ ಮೆಷಿನ್ನಿಗೆ ಹಾಕಿದರೆ ಇವರ ಎರಡು ದಿನದ ದುಡಿಮೆ ಕೈಬಿಡುತ್ತಿತ್ತು. ಓಲೆ ಹೋಯಿತು, ಬೈಕು ಹೋಯಿತು. ವಾರಕ್ಕೆ ಎರಡು ಇದ್ದದ್ದು ಒಂದಾಯಿತು. ಅಕ್ಕನ ಕಾಲು ಊದಿತು, ಮಲಗಿದರೆ ಉಸಿರು ಸಿಗದೆ ದಿಂಬು ಒಟ್ಟಿಕೊಂಡು ಕೂತೇ ಇರುತ್ತಿದ್ದಳು. ಮಕ್ಕಳು ಸ್ಕೂಲಿಗೆ ಹೋಗುವಾಗ ಮಾತ್ರ ಎದ್ದು ನಿಂತು ಜಡೆ ಹಾಕುತ್ತಿದ್ದಳು, ಚೆನ್ನಾಗಿರುವವಳ ಹಾಗೆ. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ.

ಉಮಾಶಂಕರ್‌ಗೆ ದಿನಾ ಫೋನ್ ಮಾಡುತ್ತಿದ್ದೆ. "ಖಾಲಿ ಇಲ್ಲ ಅಕ್ಕಾ" ಅನ್ನುತ್ತಿದ್ದ. ಜಾಗ ಖಾಲಿಯಾಗುವುದು ಹೇಗೆ ಅಂತ ಅವನೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಯಾರಾದರೂ ಸಾಯಬೇಕು. ದೇವರ ಮುಂದೆ ದೀಪ ಹಚ್ಚಿ ನಿಂತಾಗ ನನ್ನ ಬಾಯಿಂದ ಅದೇ ಬಂತು, ಯಾರೋ ಒಬ್ಬರು, ವಯಸ್ಸಾದವರು, ಹೋಗಲಿ ತಂದೆ ಅಂತ.

ಜೂನ್ ತಿಂಗಳಲ್ಲಿ ಒಂದು ದಿನ ಅಕ್ಕನನ್ನು ಕರೆದುಕೊಂಡು ಶ್ರೀನಿವಾಸಪುರಕ್ಕೇ ಹೊರಟೆ. ಎದುರಿಗೆ ತಂದು ಕೂರಿಸಿದರೆ ಹೇಗೆ ಇಲ್ಲ ಅಂತಾರೋ ನೋಡೋಣ ಅನ್ನುವ ಹಟ. ಉಮಾಶಂಕರ್ ಅಕ್ಕನ ಕಾಲು ಒತ್ತಿ ನೋಡಿದ. ಬೆರಳು ಇಟ್ಟ ಕಡೆ ಗುಳಿ ಬಿತ್ತು. ಅವನು ತಲೆ ಎತ್ತಲೇ ಇಲ್ಲ.

"ಅವರೆಲ್ಲಾ ನಿಮ್ಮಂಗೇ ಬಂದಿರೋರು ಅಕ್ಕಾ. ಯಾರನ್ನ ಎಬ್ಬಿಸ್ಲಿ, ನೀವೇ ಹೇಳಿ" ಅಂದ.

ಅಷ್ಟರಲ್ಲಿ ಒಳಗಿನ ಹಾಸಿಗೆಯಿಂದ ಮುನಿಲಕ್ಷ್ಮಿ ಕೂಗಿದಳು. ಕೈಗೆ ಪೈಪು ಹಾಕಿತ್ತು. ಮುಖದ ಊತ ಇಳಿದು ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. "ನನ್ ಗುರುವಾರದ ಸರದಿ ಶ್ಯಾಮಲಮ್ಮನಿಗೆ ಕೊಡಿ ಸಾರ್. ನಂಗೆ ವಾರಕ್ಕೊಂದು ಸಾಕು. ಇದು ಅವರದೇ ಜಾಗ."

ಒಂದು ಸಾಕಾಗುವುದಿಲ್ಲ. ಅದು ಅಕ್ಕನ ಮೈ ನೋಡಿದವರಿಗೆಲ್ಲ ಗೊತ್ತಿತ್ತು, ನನಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ನಾನು ಬಾಯಿ ಬಿಟ್ಟು ಆಯ್ತಮ್ಮ, ನಿನ್ನ ಹೊಟ್ಟೆ ತಣ್ಣಗಿರಲಿ ಅನ್ನಬೇಕು, ಅಷ್ಟರಲ್ಲಿ ಅಕ್ಕ ಅವಳ ಹಾಸಿಗೆಯ ಹತ್ತಿರ ಹೋಗಿ ಕೇಳಿದಳು.

"ಕೂಸೆಲ್ಲೇ?"

"ನಮ್ಮಮ್ಮನ ಹತ್ರ. ಈಗ ಗೋಡೆ ಹಿಡ್ಕೊಂಡು ನಡೀತಾನೆ."

"ನಡೀತಾನಾ" ಅಂದಳು ಅಕ್ಕ. ಸ್ವಲ್ಪ ಹೊತ್ತು ಹಾಸಿಗೆಯ ಕಂಬಿ ಹಿಡಿದು ಸುಧಾರಿಸಿಕೊಂಡಳು. "ನಿನ್ ಸರದಿ ನೀನೇ ಇಟ್ಕೋ. ನಂಗೆ ಅಲ್ಲಿ ಕಾರ್ಡ್ ಬಂದೈತೆ. ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ."

ನಾನು ಅವಳನ್ನು ಹೊರಗೆ ಎಳೆದುಕೊಂಡು ಬಂದೆ. "ಸುಳ್ಳು ಯಾಕೆ ಹೇಳ್ದೆ? ನಿಂಗೆ ತಲೆ ಕೆಟ್ಟಿದೆಯಾ? ಒಪ್ಕೊಂಡಿದ್ರೆ ಏನಾಗ್ತಿತ್ತು ನಿಂಗೆ?" ಅಂದೆ. ಜನ ನೋಡುತ್ತಿದ್ದರು, ನೋಡಲಿ ಅಂದುಕೊಂಡೆ. ಅಳುತ್ತಿದ್ದೆ, ಬೈಯುತ್ತಿದ್ದೆ.

"ಎರಡು ಮನೇಲಿ ಅಳೋದು ಯಾಕೆ ಕಣೇ" ಅಂದಳು. "ಬಾ, ನಿಂತ್ರೆ ಕಾಲು ನೋಯ್ತದೆ."

ಬಸ್ ಸ್ಟ್ಯಾಂಡಿನ ಮುಂದೆ ಮಾವಿನ ಹಣ್ಣಿನ ಗಾಡಿಗಳು ಸಾಲಾಗಿ ನಿಂತಿದ್ದವು. ಆ ತಿಂಗಳು ಶ್ರೀನಿವಾಸಪುರ ಪೂರ್ತಿ ಮಾವಿನ ವಾಸನೆ. ಕಿಡ್ನಿ ಕೆಟ್ಟವರಿಗೆ ಮಾವು ವಿಷ, ಒಂದೆರಡು ಹಣ್ಣು ತಿಂದರೂ ಗುಂಡಿಗೆ ನಿಂತುಹೋಗಬಹುದು ಅಂತ ಡಾಕ್ಟರು ಮೊದಲ ದಿನವೇ ಹೆದರಿಸಿದ್ದರು. ಅವತ್ತಿನಿಂದ ಅಕ್ಕ ಹಣ್ಣಿನ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂತು, ರಸಪುರಿ ಆರಿಸಿ ಕೊಡಪ್ಪ ಅಂದಳು.

ಹಣ್ಣನ್ನು ಎರಡೂ ಅಂಗೈಯಲ್ಲಿ ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು, ಬಾಯಿಗಿಟ್ಟಳು. ರಸ ಮೊಣಕೈವರೆಗೂ ಇಳಿಯಿತು. ನಾನು ಕೈ ಚಾಚಿದೆ, ಕಿತ್ತುಕೊಳ್ಳಲು. ಅವಳು ತಿನ್ನುತ್ತಲೇ ನನ್ನ ಮುಖ ನೋಡಿದಳು. ಬೇಡಿಕೊಳ್ಳುತ್ತಿರಲಿಲ್ಲ, ಹೆದರಿಯೂ ಇರಲಿಲ್ಲ. ನನ್ನ ಕೈ ಹಾಗೇ ನಿಂತಿತು. ವಾಟೆ ಬಿಸಾಡಿ ಇನ್ನೊಂದು ತೆಗೆದುಕೊಂಡಳು. ಆಮೇಲೆ ಇನ್ನೊಂದು.

ಗಾಡಿಯವನು ದುಡ್ಡು ಕೇಳಿದ. ಇಷ್ಟು ಚಿಕ್ಕ ಹಣ್ಣಿಗೆ ಅಷ್ಟಾ, ಮಂಡಿಯಲ್ಲಿ ಅರ್ಧಕ್ಕೆ ಸಿಗುತ್ತೆ ಅಂತ ನಾನು ಚೌಕಾಸಿ ಮಾಡಿದೆ. ಅವನು ಹತ್ತು ರೂಪಾಯಿ ಬಿಟ್ಟ.