ವೀರಮ್ಮ ಫೋನಿನಲ್ಲಿ ಚೌಕಾಬಾರ ಗೆದ್ದದ್ದು

ಭದ್ರಾವತಿಯ ಜನ್ನಾಪುರದ ವೀರಮ್ಮ ಚೌಕಾಬಾರದಲ್ಲಿ ಸೋತದ್ದನ್ನು ಕಂಡ ನರಪಿಳ್ಳೆ ಇಲ್ಲ. ಆಕೆ ಕವಡೆ ಕುಲುಕಿದರೆ ಮಾಚೇನಹಳ್ಳಿಯ ಫ್ಯಾಕ್ಟರಿ ಸೈರನ್ನು ನಾಚಿ ಸುಮ್ಮನಾಗುತ್ತಿತ್ತು. "ಬಾರ!" ಎಂದು ಕೂಗಿದರೆ ಶಿವಮೊಗ್ಗದ ಬಸ್ಸು ಸ್ಟಾಪಿಲ್ಲದ ಕಡೆಯೂ ಗಕ್ಕನೆ ನಿಲ್ಲುತ್ತಿತ್ತು. ಪ್ರತಿ ಗೌರಿ ಹಬ್ಬಕ್ಕೂ ತಮ್ಮ ರಾಮಯ್ಯ ಶಿವಮೊಗ್ಗದಿಂದ ಬಾಗಿನ ತರುವುದು, ಹೊಟ್ಟೆ ತುಂಬ ಉಂಡು ಅಕ್ಕನೆದುರು ಸೋತು ಹೋಗುವುದು ನಲವತ್ತೊಂದು ವರ್ಷದ ಪದ್ಧತಿ.

ಗುಟ್ಟು ಇಷ್ಟೆ. "ಅಯ್ಯೋ, ಹಾಲು ಉಕ್ತು ನೋಡೋ!" ಎಂದರೆ ರಾಮಯ್ಯ ಅಡುಗೆಮನೆಯತ್ತ ತಿರುಗುತ್ತಿದ್ದ. ಅಷ್ಟರಲ್ಲಿ ವೀರಮ್ಮನ ಕಾಯಿ ಒಂದು ಮನೆ ಮುಂದಿರುತ್ತಿತ್ತು. ಹೀಗೆ ಉಕ್ಕದೆಯೇ ಉಕ್ಕಿದ ಹಾಲನ್ನು ಕೂಡಿಟ್ಟಿದ್ದರೆ ಭದ್ರಾ ಅಣೆಕಟ್ಟೆ ಎರಡು ಸಲ ತುಂಬುತ್ತಿತ್ತು.

ಈ ವರ್ಷ ರಾಮಯ್ಯನಿಗೆ ಮಂಡಿಯ ಆಪರೇಷನ್. ಬಾಗಿನ ಮಗನ ಕೈಯಲ್ಲಿ ಬಂತು, ಆಟ ಮೊಬೈಲಿಗೆ ಬಂತು. ಸೊಸೆ ಹೇಮಶ್ರೀ ಫೋನಿಗೆ ಚೌಕಾಬಾರ ಹಾಕಿ, ಇನ್ನೊಂದು ಫೋನಿನಲ್ಲಿ ರಾಮಯ್ಯನಿಗೆ ಕರೆ ಮಾಡಿ ಸ್ಪೀಕರ್ ಒತ್ತಿ ಕೊಟ್ಟಳು.

ವೀರಮ್ಮ ಕಾಯಿಯನ್ನು ಬೆರಳಲ್ಲಿ ಒಂದು ಮನೆ ಮುಂದೆ ತಳ್ಳಿದರು. ಅದು ಹಿಂದಕ್ಕೆ ಬಂದು ಕೂತಿತು. ಮತ್ತೆ ತಳ್ಳಿದರು, ಮತ್ತೆ ಬಂತು.

"ಇದೆಂಥ ಯಂತ್ರ ಮಾರಾಯ್ತಿ, ಹರಿಶ್ಚಂದ್ರನ ವಂಶದ್ದಾ?"

"ಅದು ಬಿದ್ದಷ್ಟೇ ನಡೆಸೋದು ಅತ್ತೆ."

ವೀರಮ್ಮನ ಕೈಯಿಂದ ಸಾಲಾಗಿ ಮೂರು ಆಟ ಹೋಯಿತು. ಸ್ಪೀಕರಿನಲ್ಲಿ ರಾಮಯ್ಯ ಗಹಗಹಿಸಿದ. "ಏನಕ್ಕಾ, ಇವತ್ತು ಹಾಲು ಉಕ್ಲಿಲ್ವಾ?"

ವೀರಮ್ಮನ ಕಿವಿ ಕಾದ ಬಾಣಲೆಯಾಯಿತು. "ನಿಂಗೆ ಗೊತ್ತಿತ್ತೇನೋ?"

"ಖಾಲಿ ಒಲೆ ಮೇಲೆ ಹಾಲು ಹ್ಯಾಗೆ ಉಕ್ಕುತ್ತೆ? ಇನ್ನೊಂದು ಆಟ. ಇದೂ ಸೋತ್ರೆ, ಎದುರುಮನೆ ಪುಷ್ಪಮ್ಮನ್ನ ಕರೆದು ನೀನೇ ಹೇಳ್ಬೇಕು, ನನ್ನ ತಮ್ಮನೇ ಚಾಂಪಿಯನ್ ಅಂತ."

ಪುಷ್ಪಮ್ಮನಿಗೆ ಹೇಳುವುದೂ ಒಂದೇ, ಇಡೀ ಭದ್ರಾವತಿಗೆ ಡಂಗುರ ಸಾರುವುದೂ ಒಂದೇ. ಅದಕ್ಕಿಂತ ಭದ್ರಾ ಹೊಳೆಯೇ ವಾಸಿ ಎನಿಸಿತು ವೀರಮ್ಮನಿಗೆ.

ನಾಲ್ಕನೆಯ ಆಟದ ನಡುವೆ ಕನ್ನಡಕ ಹುಡುಕುತ್ತಿದ್ದಾಗ ಅವರ ಸರದಿ ತಾನಾಗಿ ತಮ್ಮನಿಗೆ ಹೋಯಿತು.

"ಪರದೆ ಮೇಲೆ ತಿರುಗೋ ಆ ಕೆಂಪು ಉಂಗುರ ಮುಗಿಯೋದ್ರೊಳಗೆ ಆಡ್ಬೇಕು ಅತ್ತೆ," ಎಂದಳು ಹೇಮಶ್ರೀ. "ಇಲ್ದಿದ್ರೆ ಸರದಿ ಹೋಗುತ್ತೆ."

"ಹೌದಾ?" ವೀರಮ್ಮನ ಮುಖ ಕೃಷ್ಣಾಷ್ಟಮಿಯ ಕೃಷ್ಣನಂತಾಯಿತು. ರಾಮಯ್ಯನ ಸರದಿ ಬರುವುದನ್ನೇ ಕಾದು, ದನಿಯಲ್ಲಿ ಜೇನು ಸುರಿಸಿ ಕೇಳಿದರು. "ಅಲ್ವೋ ರಾಮ, ಮಂಡಿ ಹ್ಯಾಗಿದೆ ಅಂತ ನಾನು ಕೇಳ್ಲೇ ಇಲ್ಲ ನೋಡು."

ಆಪರೇಷನ್ ಆದವನಿಗೆ ಅದಕ್ಕಿಂತ ಸವಿಯಾದ ಪ್ರಶ್ನೆ ಮೂರು ಲೋಕದಲ್ಲಿಲ್ಲ. ರಾಮಯ್ಯ ಇಂಜೆಕ್ಷನ್ನಿನಿಂದ ಶುರು ಮಾಡಿದ. ಕತೆಯಲ್ಲಿ ಡಾಕ್ಟರು ಬರುವಷ್ಟರಲ್ಲಿ ಅವನ ಒಂದು ಸರದಿ ಹೋಯಿತು. ಹೊಲಿಗೆ ಎಣಿಸುವಾಗ ಎರಡು. "ಪಾಪ! ಆಮೇಲೆ?" ಎನ್ನುತ್ತಲೇ ವೀರಮ್ಮ ಕಾಯಿಗಳನ್ನು ಒಂದೊಂದಾಗಿ ನಡುಮನೆಗೆ ಸೇರಿಸಿ ಹಣ್ಣು ಮಾಡಿದರು. ಫೋನು ಪಟಾಕಿ ಹಾರಿಸಿತು.

"ಅಕ್ಕಾ! ಇದು ಮೋಸ!"

"ತಮ್ಮನ ಆರೋಗ್ಯ ವಿಚಾರಿಸೋದು ಮೋಸವೇನೋ?"

ಅಷ್ಟು ಹೇಳಿ ಕರೆಯ ಫೋನು ಹಿಡಿದೇ ಬಾಗಿಲಿಗೆ ಹೋದರು. "ಪುಷ್ಪಮ್ಮಾ, ನನ್ನ ತಮ್ಮ ಇವತ್ತು ನಾಲ್ಕಕ್ಕೆ ನಾಲ್ಕೂ ಆಟ ಸೋತ ಕಣೇ!"

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಸ್ಪೀಕರ್ ಇನ್ನೂ ಆನ್ ಇತ್ತು. ಅದರೊಳಗಿಂದ, ಅಕ್ಕನನ್ನು ಬಿಟ್ಟುಕೊಡದ ರಾಮಯ್ಯನ ನಗುದನಿ ಬೀದಿಗೆಲ್ಲ ಕೇಳುವಂತೆ ಬಂತು:

"ನಾಲ್ಕಲ್ಲ ಪುಷ್ಪಮ್ಮನೋರೇ, ಐದು!"