ಪೂರಾನೋ ಮುರುಕೋ

ಚಿಕ್ಕಬೈರಪ್ಪನ ಹೆಸರೆತ್ತಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಜೆ.ಪಿ. ನಗರದ ಆಚೆಗಿದ್ದ ಒಂದು ಬಟ್ಟೆ ಫ್ಯಾಕ್ಟರಿಗೆ ಹೆಣ್ಣಾಳುಗಳನ್ನು ಒದಗಿಸುತ್ತಿದ್ದ ಕಂಟ್ರಾಕ್ಟರ್ ಅವನು. ನಾವು ಹೊಲಿಯುತ್ತಿದ್ದದ್ದು ಫ್ಯಾಕ್ಟರಿಯಲ್ಲಿ, ಸಂಬಳ ಮಾತ್ರ ಅವನ ಕೈಯಿಂದ. ಎಂಬತ್ತೆರಡನೇ ಇಸವಿಯ ಮಾತು.

ಕೆಲಸಕ್ಕೆ ಸೇರುವಾಗಲೇ ಕೇಳುತ್ತಿದ್ದ: "ಪೂರಾ ಬೇಕೋ, ಮುರುಕು ಬೇಕೋ?" ಪೂರಾ ಅಂದರೆ ದಿನಕ್ಕೆ ಹತ್ತು ರೂಪಾಯಿ ಕೈಗೆ; ಕಾಯಿಲೆ ಬಿದ್ದರೆ ನಿನ್ನ ಹಣೆಬರಹ. ಮುರುಕು ಅಂದರೆ ಇಎಸ್‌ಐ, ಪಿಎಫ್ ಅಂತ ಮುರಿದುಕೊಂಡು ಎಂಟು ಕೊಡುತ್ತಿದ್ದ. ಆದರೆ ಮನೆಯವರಿಗೂ ಆಸ್ಪತ್ರೆ ಪುಕ್ಕಟೆ. ತನ್ನ ಜೇಬಿನಿಂದ ಕಟ್ಟಬೇಕಾದ ಪಾಲನ್ನೂ ನಮ್ಮ ಕೂಲಿಯಲ್ಲೇ ಮುರಿಯುತ್ತಿದ್ದ, ಕಳ್ಳ ನನ್ಮಗ. ನಾನು ಪೂರಾ ಅಂದೆ. ಗಟ್ಟಿಮುಟ್ಟಾಗಿದ್ದೆ, ಮಕ್ಕಳ ಹೊಟ್ಟೆ ತುಂಬಬೇಕಿತ್ತು.

ಅರೆಕೆರೆಯಲ್ಲಿ ನಮ್ಮ ಪಕ್ಕದ ಮನೆಯ ಯಲ್ಲಮ್ಮ ಮುರುಕು ಅಂದಳು. ಅವಳ ಗಂಡ ತಿರುಮಲೇಶನಿಗೆ ಹೊಟ್ಟೆಯಲ್ಲಿ ಗೆಡ್ಡೆ. ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. "ಎರಡು ರೂಪಾಯಿ ಹೋದ್ರೆ ಹೋಗ್ಲಿ ತಿಮ್ಮಕ್ಕ, ನಮ್ಮೋರು ಉಳ್ಕೊಂಡ್ರೆ ಸಾಕು," ಅಂದಳು. ಆ ಎರಡು ರೂಪಾಯಿಗಾಗಿ ಮಧ್ಯಾಹ್ನದ ಊಟ ಬಿಟ್ಟಳು. ನಾನು ಒಂದು ಮುದ್ದೆ ಕೊಟ್ಟರೆ ಹಸಿವಿಲ್ಲ ಅನ್ನುತ್ತಿದ್ದಳು, ಸುಳ್ಳಿ.

ಅವಳ ಹೆಸರು ಬರೆಸುವ ದಿನವೇ ಎಡವಟ್ಟಾಗಿತ್ತು. ಅದು ನಮಗೆ ತಿಳಿದದ್ದು ಆಮೇಲೆ. ಚಿಕ್ಕಬೈರಪ್ಪನ ರೈಟರ್ ಗಂಡನ ಹೆಸರು ಕೇಳಿದನಂತೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದುಂಟೇ? ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ಯಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು, "ಏಳು ಬೆಟ್ಟದ ಸ್ವಾಮಿ ಹೆಸರು ಸಾರ್," ಅಂದಳಂತೆ. "ವೆಂಕಟೇಶನಾ?" ಅಂದ ಅವನು. ಸುತ್ತಲಿದ್ದ ಗಂಡಸರು ಹಲ್ಲು ಕಿರಿಯುತ್ತಿದ್ದರು. ಅದೇ ದೇವರು ತಾನೇ ಎಂದುಕೊಂಡು ಇವಳು ತಲೆಯಾಡಿಸಿ ಬಂದುಬಿಟ್ಟಳು. ಆಮೇಲೆ ಬಂದ ಇಎಸ್‌ಐ ಕಾರ್ಡಿನಲ್ಲಿ ಏನು ಬರೆದಿದೆ ಎಂದು ಓದು ಬಾರದವಳಿಗೆ ಹೇಗೆ ಗೊತ್ತಾಗಬೇಕು?

ನೋವು ತಡೆಯಲಾರದೆ ತಿರುಮಲೇಶ ನೆಲಕ್ಕೆ ಬಿದ್ದು ಹೊರಳಾಡತೊಡಗಿದಾಗ ಆಸ್ಪತ್ರೆಗೆ ಕರೆದೊಯ್ದೆವು. ಅವನ ತಾಯಿಯೂ ಬಂದಿದ್ದರು. ಗುಮಾಸ್ತ ಕಾರ್ಡು ನೋಡಿ ಹುಬ್ಬು ಗಂಟಿಕ್ಕಿದ. "ಇದರಲ್ಲಿ ಗಂಡ ವೆಂಕಟೇಶ ಅಂತಿದೆ. ಇವರು ತಮ್ಮ ಹೆಸರು ತಿರುಮಲೇಶ ಅಂತಿದಾರೆ. ನಿಮ್ಮ ಗಂಡ ಯಾರಮ್ಮ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನಾನು ಹೇಳಹೋದರೆ ಗುಮಾಸ್ತ, "ನೀವು ಸುಮ್ನಿರಿ, ಅವರೇ ಹೇಳ್ಲಿ," ಅಂದ. ಯಲ್ಲಮ್ಮ ಒಮ್ಮೆ ಗಂಡನನ್ನು ನೋಡಿದಳು. ಆಮೇಲೆ ಕಿರುಚಿದಳು.

"ತಿರುಮಲೇಶ! ನನ್ನ ಗಂಡನ ಹೆಸರು ತಿರುಮಲೇಶ!"

ಅತ್ತೆ ಎರಡೂ ಕೈಯಲ್ಲಿ ಕೆನ್ನೆ ಬಡಿದುಕೊಂಡರು. ತಿರುಮಲೇಶ ತಲೆ ತಗ್ಗಿಸಿದ. ಗುಮಾಸ್ತನಿಗೂ ಪಾಪ ಅನ್ನಿಸಿರಬೇಕು. "ಕಂಟ್ರಾಕ್ಟರ್ ಕೈಲಿ ಹೆಸರು ತಪ್ಪಾಗಿದೆ ಅಂತ ಒಂದು ಕಾಗದ ಬರೆಸ್ಕೊಂಡು ಬನ್ನಿ, ಇವತ್ತೇ ಸೇರಿಸ್ಕೋತೀವಿ," ಅಂದ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಚಿಕ್ಕಬೈರಪ್ಪ ನಾಳೆ ಬಾ ಅಂದ. ಮರುದಿನ ಹೋದರೆ ಮತ್ತೆ ನಾಳೆ ಅಂದ. ಕೊನೆಗೆ ಯಲ್ಲಮ್ಮ ಅವನ ಕಾಲು ಹಿಡಿದಳು. "ಅಯ್ಯೋ, ಒಂದು ಹೆಸರು ತಿದ್ದೋಕೆ ಹೋದ್ರೆ ಇಎಸ್‌ಐ ಆಫೀಸಿನೋರು ಎಲ್ಲಾರ ಲೆಕ್ಕಾನೂ ಕೆದಕ್ತಾರೆ ಕಣಮ್ಮ. ನನ್ನ ಬುಡಕ್ಕೇ ಬರುತ್ತೆ. ನೀನು ಪೂರಾ ತಗೊಂಡಿದ್ರೆ ಈ ರಗಳೇನೇ ಇರ್ತಿರ್ಲಿಲ್ಲ," ಅಂದ. ನನ್ನ ಕೈಯಲ್ಲಿ ಕತ್ತರಿ ಇದ್ದಿದ್ದರೆ ಏನು ಮಾಡುತ್ತಿದ್ದೆನೋ.

ಆ ವಾರ ಕಳೆಯುವುದರೊಳಗೆ ತಿರುಮಲೇಶ ಮನೆಯಲ್ಲೇ, ಚಾಪೆಯ ಮೇಲೆ ಒದ್ದಾಡಿ ಸತ್ತ.

ಹೆಣ ಅಂಗಳದಲ್ಲಿದ್ದಾಗ ಚಿಕ್ಕಬೈರಪ್ಪ ಸೇವಂತಿಗೆ ಹಾರ ಹಿಡಿದು ಬಂದ. ದೊಡ್ಡ ಮನುಷ್ಯ ಬಂದ ಎಂದು ಯಾರೋ ಓಡಿಹೋಗಿ ಕುರ್ಚಿ ತಂದರು. ಅತ್ತೆ ಅವನ ಮುಂದೆಯೇ ಎದೆ ಬಡಿದುಕೊಂಡು ಅತ್ತರು: "ಹೆಸ್ರು ಕೂಗಿ ನನ್ನ ಮಗನ್ನ ನುಂಗಿದ್ಲಲ್ಲಪ್ಪೋ!" ನೆರೆದ ಹೆಂಗಸರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಅವನೂ ಲೊಚಗುಟ್ಟಿದ.

ನನಗೆ ತಡೆಯಲಾಗಲಿಲ್ಲ. "ನುಂಗಿದೋನು ಇಲ್ಲೇ ಕುರ್ಚಿ ಮೇಲೆ ಕೂತವ್ನೆ ನೋಡ್ರೇ!" ಎಂದು ಎದ್ದೆ.

ಯಲ್ಲಮ್ಮ ನನ್ನ ಸೆರಗು ಹಿಡಿದು ಎಳೆದಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ಅವ್ರಿಗೇನೂ ಅನ್ಬೇಡಿ ಅಕ್ಕ. ಅವತ್ತು ನಾನು ಬಾಯಿ ಮುಚ್ಕೊಂಡಿದ್ದಿದ್ರೆ ನಮ್ಮೋರು ಉಳೀತಿದ್ರು."