ದೀಪ ಹಚ್ಚಿದ ಮೇಲೆ ಮಾಡಿದ ಫೋನು

ನಾಲ್ಕು ಮೂವತ್ತೇಳಕ್ಕೆ ನಮ್ಮ ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬತ್ತಿನ ದೀಪ ಹಚ್ಚಬೇಕಿತ್ತು. ನಾಲ್ಕೂ ಇಪ್ಪತ್ತಾದರೂ ಹಿಮದಲ್ಲಿ ಸ್ಕೀ ಆಡಲು ಹೋದ ಮಗಳು ತೆಮಿಮ ಬೆಟ್ಟದಿಂದ ಬಂದಿರಲಿಲ್ಲ.

ನಾನು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ಅಲೆಯುತ್ತಿದ್ದೆ. ವರ್ಮಾಂಟಿನ ಈ ಬಾಡಿಗೆ ಮನೆಯನ್ನು ಕೋಶರ್, ಅಂದರೆ ನಮ್ಮ ಊಟದ ಮಡಿಗೆ ತಕ್ಕಂತೆ, ಮಾಡುವುದರಲ್ಲೇ ರಜೆಯ ಮೊದಲ ದಿನ ಹೋಗಿತ್ತು. ಯಾರ್ಯಾರೋ ಹಂದಿಮಾಂಸ ಹುರಿದ ಒಲೆಗೆಲ್ಲ ಫಾಯಿಲ್ ಹೊದಿಸಿದ್ದೆ. ಮಾಂಸದ ಪಾತ್ರೆ ಒಂದು ಡಬ್ಬ, ಹಾಲಿನದು ಇನ್ನೊಂದು ಡಬ್ಬ, ಎಲ್ಲ ನ್ಯೂಜೆರ್ಸಿಯಿಂದ ಹೊತ್ತು ತಂದದ್ದು. ಬಾಗಿಲು ತೆಗೆದರೆ ದೀಪ ಹತ್ತಬಾರದೆಂದು ಫ್ರಿಜ್ಜಿನ ಬಲ್ಬನ್ನು ಸಡಿಲಿಸಿಯಾಗಿತ್ತು. ಎಲ್ಲ ಸಿದ್ಧವಿತ್ತು, ಹುಡುಗಿಯೊಬ್ಬಳನ್ನು ಬಿಟ್ಟು.

"ಬೆಟ್ಟದ ಲಿಫ್ಟ್ ನಾಲ್ಕಕ್ಕೇ ಮುಚ್ತಾರೆ. ಬಸ್ಸಿಗೆ ಹತ್ತು ನಿಮಿಷ. ಎಲ್ಲಿ ಹಾಳಾಗಿ ಹೋದ್ಲು?" ಎಂದೆ.

"ಬರ್ತಾಳೆ ಬಿಡು ಶಿಫ್ರಾ," ಎಂದ ನನ್ನ ಗಂಡ ಪೆರೆಟ್ಸ್, ಮೇಜಿನ ಮೇಲೆ ವೈನ್ ಬಾಟಲಿ ಇಡುತ್ತ. "ನೀನು ಹೀಗೆ ಓಡಾಡ್ತಿದ್ರೆ ಕೆಳಗಿನ ಮನೆಯೋರು ಜಗಳಕ್ಕೆ ಬರ್ತಾರೆ ಅಷ್ಟೆ."

ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಹೋದ ತಿಂಗಳು ಒಂದು ಶುಕ್ರವಾರ, ಊಟ ಮುಗಿದ ಮೇಲೆ, ತೆಮಿಮಳ ಕೋಣೆಯ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು ಕಂಡಿದ್ದೆ. ಶಬ್ಬತ್ತಿನಲ್ಲಿ ಫೋನು! ಹದಿನೇಳು ವರ್ಷದವಳು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಂದಿನಿಂದ ಅವಳ ಒಂದೊಂದು ಮಾತನ್ನೂ ತೂಗಿ ನೋಡುತ್ತಿದ್ದೆ. ಈ ದಿನ ಬೆಳಿಗ್ಗೆಯೂ ಸ್ಕೀ ಪ್ಯಾಂಟಿನ ಮೇಲೆ ಲಂಗ ಹಾಕು ಎಂದದ್ದಕ್ಕೆ, "ಆ ಬೆಟ್ಟದ ಮೇಲೆ ನನ್ನ ಕಾಲು ಯಾರು ನೋಡ್ತಾರಮ್ಮಾ?" ಎಂದು ಸಿಡುಕಿಕೊಂಡೇ ಹೋಗಿದ್ದಳು. ಲಂಗ ಮಾತ್ರ ಹಾಕಿದ್ದಳು.

ಹೊತ್ತಾಯಿತು. ದೀಪ ಹಚ್ಚಿ, ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದೆ. ಇನ್ನು ನಾಳೆ ಕತ್ತಲಾಗುವ ತನಕ ಕಾರು, ಸ್ವಿಚ್ಚು, ಫೋನು ಯಾವುದನ್ನೂ ಮುಟ್ಟುವಂತಿಲ್ಲ. ಐದರ ಬಸ್ಸು ನಮ್ಮ ಬೀದಿಯಲ್ಲಿ ಯಾರನ್ನೂ ಇಳಿಸದೆ ಹಾದುಹೋಯಿತು.

ಪೆರೆಟ್ಸ್ ಈಗ ಕೋಟು ಹಾಕಿಕೊಂಡ. "ರಸ್ತೆ ತನಕ ಹೋಗಿ ನೋಡ್ಕೊಂಡ್ ಬರ್ತೀನಿ. ಜೀವಕ್ಕೆ ಅಪಾಯ ಅನ್ಸಿದ್ರೆ ಫೋನ್ ಮಾಡು. ಬರೀ ಅನುಮಾನ ಇದ್ರೂ ಸಾಕು, ಮಾಡ್ಲೇಬೇಕು. ಅದಕ್ಕೆ ಶಬ್ಬತ್ ಅಡ್ಡ ಬರಲ್ಲ."

ಅವನು ಹೋದ ಮೇಲೆ ಗೋಡೆಯ ಫೋನಿನ ಮುಂದೆ ನಿಂತೆ. ಬೆಟ್ಟದ ರಕ್ಷಣಾ ಪಡೆಯ ನಂಬರನ್ನು ಅಲ್ಲೇ ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದರು. ನಲವತ್ತಾರು ವರ್ಷದಲ್ಲಿ ಮೊದಲ ಸಲ ಶಬ್ಬತ್ತಿನಲ್ಲಿ ರಿಸೀವರ್ ಎತ್ತಿದೆ. ಒತ್ತಿದ್ದು ಆ ನಂಬರನ್ನಲ್ಲ, ತೆಮಿಮಳದ್ದನ್ನು. ಶಬ್ಬತ್ತಿನಲ್ಲಿ ಎತ್ತಿಕೊಂಡರೆ ಕೈಯಾರೆ ಸಿಕ್ಕಿಬಿದ್ದಳು ಎಂದುಕೊಂಡೆ. ಎತ್ತಲಿ ಎಂದು ಬೇಡಿಕೊಳ್ಳಬೇಕೋ, ಬೇಡ ಎಂದೋ, ನನಗೇ ತಿಳಿಯಲಿಲ್ಲ.

"ಹಲೋ," ಎಂದಿತು ಒಂದು ಗಂಡು ದನಿ.

"ಯಾರ್ರೀ ನೀವು? ನನ್ನ ಮಗಳ ಫೋನು ನಿಮ್ಮ ಹತ್ರ ಯಾಕಿದೆ?"

"ಗಾಬರಿ ಆಗ್ಬೇಡಿ ತಾಯಿ, ನಾನು ಬಸ್ ಡ್ರೈವರು. ಲಿಫ್ಟ್ ಕೆಟ್ಟು ಮುಕ್ಕಾಲು ಗಂಟೆ ಎಲ್ಲಾ ಮೇಲೇ ನೇತಾಡ್ತಿದ್ರು. ನಿಮ್ಮ ಹುಡುಗಿ ಕೆಳಗೆ ಬಂದಾಗ ಸೂರ್ಯ ಮುಳುಗ್ತಾ ಇದ್ದ. ಸ್ಕೀ, ಕೋಲು, ಫೋನು ಎಲ್ಲಾ ನನ್ನ ಕೈಗಿಟ್ಟು, ನಾಳೆ ಕತ್ತಲಾದ್ಮೇಲೆ ತಗೋತೀನಿ ಅಂದ್ಲು. ಚಳಿ, ಬಸ್ ಹತ್ತಮ್ಮಾ ಅಂದ್ರೆ ಕೇಳ್ಲಿಲ್ಲ, ನಡ್ಕೊಂಡೇ ಹೊರಟ್ಲು. ಬೇಜಾರ್ ಮಾಡ್ಕೋಬೇಡಿ, ಅವಳಿಗೆ ತಲೆ ನೆಟ್ಟಗಿದೆ ತಾನೆ?"

"ನೆಟ್ಟಗಿದೆ," ಎಂದೆ.

ಶಬ್ಬತ್ ಹೊತ್ತಿಗೆ ದಾರಿಯಲ್ಲೇ ಉಳಿದವರು ಕೈಯಲ್ಲಿದ್ದದ್ದನ್ನು ನಮ್ಮವರಲ್ಲದವರಿಗೆ ಒಪ್ಪಿಸಿ ಬರಿಗೈಯಲ್ಲಿ ನಡೆಯಬೇಕು. ಕತ್ತೆ, ಒಂಟೆಗಳ ಮೇಲೆ ಓಡಾಡುತ್ತಿದ್ದ ಕಾಲದ ನಿಯಮ ಅದು. ನನಗೇ ಮರೆತುಹೋಗಿತ್ತು.

ರಿಸೀವರನ್ನು ತಿರುಗಿ ಇಡುವುದೂ ಫೋನು ಆರಿಸಿದ ಹಾಗೆಯೇ. ಹಾಗೇ ಬಿಟ್ಟುಬಿಟ್ಟೆ. ಅದು ಗೋಡೆಗೆ ತಾಗುತ್ತ ಜೋತಾಡಿತು. ಡ್ರೈವರು ಆಚೆ ಕಡೆಯಿಂದ ಇಟ್ಟಿರಬೇಕು, ಕೀಂಕೀಂ ಎಂದು ಕೂಗಿಕೊಂಡು ಆಮೇಲೆ ಸುಮ್ಮನಾಯಿತು.

ಐದೂವರೆಗೆ ಮೆಟ್ಟಿಲ ಮೇಲೆ ಸ್ಕೀ ಬೂಟುಗಳ ದಡದಡ ಸದ್ದಾಯಿತು. ಅಪ್ಪನ ಹಿಂದೆ ತೆಮಿಮ ಬಂದಳು. ಒಂದೂವರೆ ಮೈಲಿ ಆ ಬೂಟಿನಲ್ಲೇ ನಡೆದು ಕುಂಟುತ್ತಿದ್ದಳು. ಲಂಗದ ಅಂಚು ಹೆಪ್ಪುಗಟ್ಟಿ ಸೆಟೆದುಕೊಂಡಿತ್ತು. ಮೊದಲು ಅವಳ ಕಣ್ಣಿಗೆ ಬಿದ್ದದ್ದು ಜೋತಾಡುತ್ತಿದ್ದ ರಿಸೀವರು.

"ಫೋನ್ ಯಾರು ಮಾಡಿದ್ದು?"

"ನಾನೇ. ನಿನ್ನ ನಂಬರಿಗೆ."

"ನೀನಾ? ಶಬ್ಬತ್ತಲ್ಲಿ?"

"ನಿಮ್ಮಮ್ಮನಿಗೆ ಜೀವವೇ ಬಾಯಿಗೆ ಬಂದಿತ್ತು ಕಣೇ," ಎಂದ ಪೆರೆಟ್ಸ್. "ಅದ್ರಲ್ಲಿ ತಪ್ಪೇನಿಲ್ಲ."

ಬೂಟು ಕೂಡ ಬಿಚ್ಚದೆ ಬಂದು ಅವಳು ನನ್ನನ್ನು ಅಪ್ಪಿಕೊಂಡಳು. ಹೀಗೆ ಹತ್ತಿರ ಬಂದು ಎಷ್ಟು ತಿಂಗಳಾಗಿತ್ತೋ. ಕೆನ್ನೆ ತಣ್ಣಗೆ ಕೊರೆಯುತ್ತಿತ್ತು.

"ನಾನು ಸತ್ತೇ ಹೋದೆ ಅಂದ್ಕೊಂಡ್ಯಾ ಅಮ್ಮಾ?" ಎಂದಳು ಮೆಲ್ಲಗೆ. "ನನಗೋಸ್ಕರ ನೀನು ಫೋನ್ ಮುಟ್ತೀಯ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

"ಹೂಂ," ಎಂದು ಸುಳ್ಳು ಹೇಳಿದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಆದರೂ ಅವಳನ್ನು ಬಿಡಲಿಲ್ಲ.